ಬ್ರಸೆಲ್ಸ್‌ನಲ್ಲಿ ಒಂದು ಒಳ್ಳೆಯ ಬೆಲ್ಜಿಯನ್ ಊಟ: ಹೆಸರು ಹುಡುಕುವ ಮೊದಲು ವಾರ ನೋಡಿ

ಪ್ರಶ್ನೆ: ಮೇ ಮೂರನೇ ವಾರ ನಾನು, ನನ್ನ ಹೆಂಡತಿ ಬ್ರಸೆಲ್ಸ್‌ಗೆ ಹೋಗುತ್ತಿದ್ದೇವೆ. ಶನಿವಾರ ಬೆಳಿಗ್ಗೆ ಇಳಿದು ಬುಧವಾರ ಬೆಳಿಗ್ಗೆ ವಾಪಸ್. ಒಂದು ಹೊತ್ತಿನ ಊಟಕ್ಕೆ ಇಬ್ಬರಿಗೂ ಸೇರಿ 250 ಯೂರೊವರೆಗೆ ಖರ್ಚು ಮಾಡಲು ಸಿದ್ಧ. ಉಳಿದ ಊಟಗಳು ಸಾಧಾರಣವಾದರೂ ಸರಿ, ಆದರೆ ಅಲ್ಲಿಯದೇ ಅಡುಗೆ ಆಗಿರಬೇಕು. ನಾನು ಮೀನು, ಕೋಳಿ, ಕುರಿ ತಿನ್ನುತ್ತೇನೆ. ದನ, ಹಂದಿ ಮುಟ್ಟುವುದಿಲ್ಲ. ಹೆಂಡತಿ ಸಸ್ಯಾಹಾರಿ, ಮೊಟ್ಟೆ ಆಗುತ್ತದೆ. ‘ಟಾಪ್ 20’ ಪಟ್ಟಿಗಳನ್ನು ನೋಡಿ ನೋಡಿ ತಲೆ ಕೆಟ್ಟಿದೆ. ಊರಿನ ಮುಖ್ಯ ಚೌಕವಾದ ಗ್ರಾನ್ ಪ್ಲಾಸ್ ಪಕ್ಕದ ಬೀದಿಯಲ್ಲೇ ಮಸಲ್ಸ್ (ಚಿಪ್ಪುಮೀನು) ತಿಂದು ಮುಗಿಸುವುದೋ, ಮಿಶೆಲಿನ್ ಗೈಡಿನ ನಕ್ಷತ್ರ ಪಡೆದ ರೆಸ್ಟೋರೆಂಟ್ ಕಡೆ ಹೋಗುವುದೋ? — ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮಸಲ್ಸ್ ಈ ಸಲ ಬಿಡಿ. ದೊಡ್ಡ ಊಟವನ್ನು ಮಂಗಳವಾರ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಉಳಿದ ದಿನ ಬ್ರಾಸರಿಗಳಲ್ಲಿ, ಅಂದರೆ ಅಲ್ಲಿಯ ಸಾಂಪ್ರದಾಯಿಕ ಅಡುಗೆ ಬಡಿಸುವ ಸಾಧಾರಣ ಹೋಟೆಲುಗಳಲ್ಲಿ, ಉಣ್ಣಿ. ಯಾಕೆ ಹೀಗೆ ಎಂಬುದು ತಿಳಿದರೆ ಹೆಸರು ಆರಿಸುವ ಕೆಲಸ ಅರ್ಧ ಮುಗಿದಂತೆ.

ವಾರದ ದಿನದಿಂದ ಶುರು ಮಾಡೋಣ. ಬ್ರಸೆಲ್ಸ್‌ನ ದುಬಾರಿ ರೆಸ್ಟೋರೆಂಟ್‌ಗಳು ಬಹುಮಟ್ಟಿಗೆ ಕಚೇರಿ ಜನರ ಮೇಲೆ ನಡೆಯುತ್ತವೆ: ಐರೋಪ್ಯ ಒಕ್ಕೂಟದ ಕಚೇರಿಗಳು, ವಕೀಲರು, ಕಂಪನಿಯವರು. ಹಾಗಾಗಿ ವಾರದ ನಡುವೆ ಮಧ್ಯಾಹ್ನ ತುಂಬಿರುತ್ತವೆ. ಭಾನುವಾರ, ಸೋಮವಾರ ಎರಡೂ ದಿನ ಬಾಗಿಲು ಹಾಕುವುದು ಅಲ್ಲಿ ಮಾಮೂಲು. ಶನಿವಾರ ಮಧ್ಯಾಹ್ನವೂ ಅಡುಗೆಮನೆ ಹಚ್ಚದವು ಸಾಕಷ್ಟಿವೆ. ಪ್ರವಾಸಿಗಳ ಊರು, ವಾರದ ಕೊನೆಗೆ ಎಲ್ಲವೂ ತೆರೆದಿರುತ್ತದೆ ಎಂದುಕೊಂಡು ಹೋದವರು ಇಲ್ಲೇ ಮೊದಲು ಎಡವುವುದು. ಜೊತೆಗೆ ಈಸ್ಟರ್ ಆಗಿ ಐವತ್ತನೇ ದಿನಕ್ಕೆ ಬರುವ ಪೆಂಟೆಕೋಸ್ಟ್ ಸೋಮವಾರ ಅಲ್ಲಿ ಸಾರ್ವಜನಿಕ ರಜೆ. ಅದು ಮೇ ಅಥವಾ ಜೂನ್‌ನಲ್ಲಿ ಬೀಳುತ್ತದೆ. ನಿಮ್ಮ ವಾರಕ್ಕೇ ತಾಗುತ್ತದೆಯೇ ಎಂದು ಕ್ಯಾಲೆಂಡರ್ ನೋಡಿ.

ಹೀಗೆ ಶನಿವಾರ ರಾತ್ರಿ ಮತ್ತು ಮಂಗಳವಾರ, ಎರಡೇ ಅವಕಾಶ ಉಳಿಯಿತು. ಶನಿವಾರ ರಾತ್ರಿ ಬೇಡ. ಬೇಸಿಗೆಯಲ್ಲಿ ಅಲ್ಲಿಗೂ ನಮಗೂ ಮೂರೂವರೆ ಗಂಟೆ ವ್ಯತ್ಯಾಸ. ಏಳೂವರೆಗೆ ಕೂತರೆ ನಿಮ್ಮ ದೇಹಕ್ಕೆ ರಾತ್ರಿ ಹನ್ನೊಂದು. ಅಂಥ ಕಡೆ ರಾತ್ರಿಯ ಊಟ ಕನಿಷ್ಠ ಮೂರು ಗಂಟೆ ಹಿಡಿಯುತ್ತದೆ. ಐದನೇ ತಟ್ಟೆ ಬರುವ ಹೊತ್ತಿಗೆ ನಿದ್ದೆಗಣ್ಣು. ದುಡ್ಡು ಕೊಟ್ಟು ತೂಕಡಿಸಿದ ಹಾಗೆ. ಮಂಗಳವಾರ ಮಧ್ಯಾಹ್ನವೇ ಸರಿ.

ಮಧ್ಯಾಹ್ನಕ್ಕೆ ಇನ್ನೊಂದು ದೊಡ್ಡ ಲಾಭವಿದೆ. ಅದೇ ಅಡುಗೆಮನೆ, ಅದೇ ಬಾಣಸಿಗ, ಆದರೆ ಮೂರು ತಟ್ಟೆಯ ‘ಲಂಚ್’ ಮೆನು ರಾತ್ರಿಯ ಅರ್ಧ ಬೆಲೆಗೆ ಸಿಗುವುದು ಸಾಮಾನ್ಯ. ಲೆಕ್ಕ ಹಾಕಿ ನೋಡಿ. ಮೆನು ತಲಾ 75 ಯೂರೊ ಎಂದಿಟ್ಟುಕೊಂಡರೆ 150. ಊಟಕ್ಕೆ ಮೊದಲಿನ ಪಾನೀಯ ಇಬ್ಬರಿಗೆ 24, ಒಂದು ಬಾಟಲಿ ನೀರು 8, ಒಂದೊಂದು ಲೋಟ ವೈನ್ 24, ಕಾಫಿ 10. ಒಟ್ಟು 216. ಅದೇ ಮನೆಗೆ, ಅಂದರೆ ಅದೇ ರೆಸ್ಟೋರೆಂಟ್‌ಗೆ, ರಾತ್ರಿ ಹೋದರೆ ತಲಾ 150ರ ಮೆನುವಿಗೇ 300 ಆಗುತ್ತದೆ, ನೀರು ಕುಡಿಯುವ ಮೊದಲೇ. ನಿಮ್ಮ 250ರಲ್ಲಿ ರಾತ್ರಿ ಎರಡನೇ ದರ್ಜೆಯ ಮನೆ ಸಿಗುತ್ತದೆ, ಮಧ್ಯಾಹ್ನ ಮೊದಲ ದರ್ಜೆಯದು.

ಇಲ್ಲಿ ‘ಮೆನು’ ಎಂಬ ಮಾತಿನ ಬಗ್ಗೆ ಎಚ್ಚರ. ಬ್ರಸೆಲ್ಸ್‌ನಲ್ಲಿ ಮೆನು ಎಂದರೆ ತಿಂಡಿಪಟ್ಟಿ ಅಲ್ಲ. ನಮ್ಮಲ್ಲಿ ‘ಊಟ ಸಿದ್ಧವಿದೆ’ ಎಂದು ಬೋರ್ಡ್ ಹಾಕುತ್ತಾರಲ್ಲ, ಆ ಊಟ. ಒಂದೇ ಬೆಲೆ, ಅವರು ಗೊತ್ತುಮಾಡಿದ ತಟ್ಟೆಗಳು. ಬಿಡಿ ಬಿಡಿ ಆರಿಸುವ ಪಟ್ಟಿಗೆ ‘ಕಾರ್ತ್’ ಎನ್ನುತ್ತಾರೆ. ದೊಡ್ಡ ಮೆನುವಿನ ಕೆಳಗೆ ‘ಮೇಜಿನ ಎಲ್ಲರೂ ಇದನ್ನೇ ತೆಗೆದುಕೊಳ್ಳಬೇಕು’ ಎಂಬ ಸಾಲು ಸಣ್ಣ ಅಕ್ಷರದಲ್ಲಿ ಇರುವುದುಂಟು. ನಿಮಗೆ ಮೀನಿನ ಆವೃತ್ತಿ, ಮನೆಯವರಿಗೆ ತರಕಾರಿಯ ಆವೃತ್ತಿ, ಎರಡನ್ನೂ ಒಂದೇ ಮೆನು ಎಂದು ಎಣಿಸುತ್ತಾರೆಯೇ ಎಂದು ಬುಕ್ ಮಾಡುವಾಗಲೇ ಕೇಳಿ.

ದೊಡ್ಡ ಮನೆಗಳಲ್ಲಿ ಎಷ್ಟು ಬೆಲ್ಜಿಯಂ ಇದೆ?

ಕೇಳಬೇಕಾದ ಪ್ರಶ್ನೆಯೇ ಇದು. ಬ್ರಸೆಲ್ಸ್‌ನ ಹಳೆಯ ಹೆಸರುವಾಸಿ ಮನೆಗಳ ಅಡುಗೆಯ ವ್ಯಾಕರಣ ಫ್ರೆಂಚ್; ಪದಾರ್ಥ ಬೆಲ್ಜಿಯಂನದು. 1926ರಲ್ಲಿ ಶುರುವಾದ, ಪ್ಲಾಸ್ ರೂಪ್‌ನ ‘ಕಾಮ್ ಶೆ ಸ್ವಾ’ 1979ರಲ್ಲಿ ಮಿಶೆಲಿನ್‌ನ ಮೂರು ನಕ್ಷತ್ರ ಪಡೆಯಿತು, 2006ರ ಕೊನೆಗೆ ಮೂರನೆಯದನ್ನು ಕಳೆದುಕೊಂಡಿತು. ಬಾಣಸಿಗ ಪಿಯೆರ್ ವಿನಾಂಟ್ಸ್ ಕಾಲದಿಂದ ಅದಕ್ಕೆ ಹೆಸರು ತಂದ ತಟ್ಟೆ ಎಂದರೆ ಸೋಲ್ ಮೀನಿನ ಹೋಳು, ರೀಸ್ಲಿಂಗ್ ವೈನಿನ ನೊರೆಸಾಸ್, ಮೇಲೆ ಉತ್ತರ ಸಮುದ್ರದ ಬೂದು ಸೀಗಡಿ. ತಂತ್ರ ಪ್ಯಾರಿಸ್, ಸೀಗಡಿ ಬೆಲ್ಜಿಯಂ. ಕಾಂಬ್ರ್ ಕಾಡಿನ ಅಂಚಿನ ‘ವಿಲ್ಲಾ ಲೊರೇನ್’ 1953ರದು. 1972ರಲ್ಲಿ ಫ್ರಾನ್ಸಿನ ಹೊರಗೆ ಮೂರು ನಕ್ಷತ್ರ ಗಳಿಸಿದ ಮೊದಲ ರೆಸ್ಟೋರೆಂಟ್ ಅದು. ವಿಕ್ಟರ್ ಹೋರ್ತಾ ಕಟ್ಟಿದ ಕಲಾಭವನದ ಒಳಗಿರುವ ಬೋಜಾರ್ ರೆಸ್ಟೋರೆಂಟ್‌ಗೆ ಹೆಸರು ತಂದದ್ದು ಬಾಣಸಿಗ ಕಾರೆನ್ ತೊರೋಸ್ಯಾನ್ ಮಾಡುವ, ಹಿಟ್ಟಿನ ಹೊದಿಕೆಯಲ್ಲಿ ಬೇಯಿಸಿದ ಮಾಂಸದ ಪಾತೆ. 2015ರಲ್ಲಿ ಅದರ ವಿಶ್ವ ಸ್ಪರ್ಧೆಯನ್ನೇ ಅವರು ಗೆದ್ದರು. ಮನೆಯ ಹೆಗ್ಗಳಿಕೆಯೇ ಮಾಂಸದ ಪಾತೆಯಾದಾಗ, ದನ-ಹಂದಿ ಬೇಡವೆನ್ನುವ ನಿಮಗೂ ಸಸ್ಯಾಹಾರಿಗೂ ಅಲ್ಲಿ ಅರ್ಧ ಅನುಭವ ಮಾತ್ರ.

ಹೆಸರಿನ ಬೆನ್ನು ಹತ್ತುವುದರಲ್ಲಿ ಇನ್ನೊಂದು ತೊಂದರೆ: ಪಟ್ಟಿಗಳು ಹಳಸುತ್ತವೆ. ‘ಸೀ ಗ್ರಿಲ್’, ‘ಬೋಂಬೋಂ’ ಎರಡೂ ಮುಚ್ಚಿ ವರ್ಷಗಳಾದವು, ಅಂತರ್ಜಾಲದ ಪಟ್ಟಿಗಳಲ್ಲಿ ಮಾತ್ರ ಈಗಲೂ ಉಣಬಡಿಸುತ್ತಿವೆ. ನಕ್ಷತ್ರವನ್ನು ಪ್ರತಿ ವರ್ಷ ಹೊಸದಾಗಿ ಕೊಡುತ್ತಾರೆ, ಕಸಿಯುತ್ತಾರೆ. ಬಾಣಸಿಗ ಮನೆ ಬಿಟ್ಟರೆ ನಕ್ಷತ್ರವೂ ಹೋಗುವುದುಂಟು. ಯಾವ ಹೆಸರನ್ನೇ ಆರಿಸಿ, ಮಿಶೆಲಿನ್‌ನ ಈ ವರ್ಷದ ಪುಟ ನೋಡಿ, ಆಮೇಲೆ ಆ ಮನೆಯದೇ ಜಾಲತಾಣದಲ್ಲಿ ತೆರೆದಿರುವ ದಿನ, ಈ ವಾರದ ಮೆನು ನೋಡಿ. ಎರಡೂ ತಾಳೆಯಾದರೆ ಮಾತ್ರ ಮುಂದುವರಿಯಿರಿ. 20ಕ್ಕೆ ಅಂಕ ಕೊಡುವ ಗೋ-ಎ-ಮಿಯೊ ಗೈಡನ್ನೂ ಜೊತೆಗಿಟ್ಟುಕೊಳ್ಳಬಹುದು. ನಿಮ್ಮ ಉಳಿದ ದಿನಗಳಿಗೆ ನಕ್ಷತ್ರಕ್ಕಿಂತ ಉಪಯುಕ್ತವಾದದ್ದು ಮಿಶೆಲಿನ್‌ನದೇ ‘ಬಿಬ್ ಗೂರ್ಮಾಂ’ ಗುರುತು: ಮಿತ ಬೆಲೆಗೆ ಒಳ್ಳೆಯ ಅಡುಗೆ ಎಂದು ಅದರ ಅರ್ಥ.

ಹಾಗಾದರೆ ಮಂಗಳವಾರಕ್ಕೆ ಯಾವುದು? ನಮ್ಮ ಸಲಹೆ ಇಷ್ಟೇ: ನಿಮ್ಮ ತಟ್ಟೆ ನೋಡಿ ಆರಿಸಬೇಡಿ, ಮನೆಯವರ ತಟ್ಟೆ ನೋಡಿ ಆರಿಸಿ. ‘ಕೇಳಿದರೆ ಸಸ್ಯಾಹಾರ ಮಾಡಿಕೊಡುತ್ತೇವೆ’ ಎನ್ನುವ ಮನೆಗೂ, ತರಕಾರಿ ಮೆನುವನ್ನು ಹೆಸರಿಟ್ಟು, ಬೆಲೆ ಹಾಕಿ ಪ್ರಕಟಿಸಿರುವ ಮನೆಗೂ ಅಜಗಜಾಂತರ. ಮೊದಲನೆಯದರಲ್ಲಿ ಮೀನಿನ ತಟ್ಟೆಯಿಂದ ಮೀನು ತೆಗೆದು ಪಕ್ಕದ ಕ್ಯಾರೆಟ್ಟನ್ನು ಮಧ್ಯಕ್ಕೆ ತಂದಿಡುತ್ತಾರೆ, ಬೆಲೆ ಮಾತ್ರ ಅದೇ. ಎರಡನೆಯದರಲ್ಲಿ ಯಾರೋ ಕೂತು ಯೋಚಿಸಿ ಅಡುಗೆ ಕಟ್ಟಿರುತ್ತಾರೆ. ಈ ದಾರಿಯಲ್ಲಿ ತುದಿ ಮುಟ್ಟಿದ್ದು ಇಕ್ಸೆಲ್ ಬಡಾವಣೆಯ ‘ಹ್ಯೂಮಸ್ ಎಕ್ಸ್ ಹಾರ್ಟೆನ್ಸ್’. ಅಲ್ಲಿ ಇಡೀ ಅಡುಗೆ ಸಸ್ಯಗಳದೇ, ಪರಿಸರಸ್ನೇಹಿ ಅಡುಗೆಗೆ ಮಿಶೆಲಿನ್ ಕೊಡುವ ಹಸಿರು ನಕ್ಷತ್ರವೂ ಅದಕ್ಕೆ ಬಂದಿದೆ. ಅದು ತೆರೆಯುವ ದಿನ ನಿಮ್ಮ ದಿನಗಳಿಗೆ ಹೊಂದಿದರೆ, ಮತ್ತು ನೀವು ಒಂದು ಹೊತ್ತು ಮೀನು ಬಿಡಲು ತಯಾರಿದ್ದರೆ, ಬೇರೆ ಹುಡುಕಾಟ ಬೇಡ. ಹೊಂದದಿದ್ದರೆ, ಮೀನಿನ ಮೇಲೆ ಹಿಡಿತವಿದ್ದು ತರಕಾರಿ ಮೆನುವನ್ನೂ ಪ್ರಕಟಿಸಿರುವ ಒಂದು ನಕ್ಷತ್ರದ ಮನೆ ಹುಡುಕಿ. ಎರಡು ನಕ್ಷತ್ರ ಬೇಕೇ ಬೇಕೆಂದಿಲ್ಲ.

ಕಾಣದ ದನ

ಮೆನುವಿನಲ್ಲಿ ಬರೆದಿರುವ ದನ-ಹಂದಿಯನ್ನು ಯಾರಾದರೂ ತಪ್ಪಿಸಿಕೊಳ್ಳಬಹುದು. ಬರೆಯದೇ ಇರುವುದೇ ಕಷ್ಟ. ಫ್ರೆಂಚ್ ಶೈಲಿಯ ಅಡುಗೆಮನೆಯಲ್ಲಿ ಸಾಸುಗಳ ತಾಯಿಬೇರು ‘ಫೋಂ ದ ವೋ’: ಕರುವಿನ ಮೂಳೆ ಹುರಿದು, ಗಂಟೆಗಟ್ಟಲೆ ಕುದಿಸಿ, ಇಳಿಸಿದ ಗಟ್ಟಿ ಕಟ್ಟು. ಕೋಳಿಯ ಕೆಳಗಿರುವ ಕಂದು ಸಾಸು, ಅಣಬೆಯ ಸಾಸು, ಕೆಲವೆಡೆ ಮೀನಿನ ಕೆಳಗಿನದೂ ಅದೇ. ನೀವು ‘ದನ ಬೇಡ’ ಎಂದರೆ ಅವರು ಆ ಹೋಳನ್ನು ಮಾತ್ರ ಬಿಡುತ್ತಾರೆ. ಕರು ಅವರ ಲೆಕ್ಕದಲ್ಲಿ ಬೇರೆಯೇ ಮಾಂಸ. ಆದ್ದರಿಂದ ದನ, ಕರು, ಹಂದಿ ಮೂರನ್ನೂ ಹೆಸರಿಸಿ. ಜೊತೆಗೆ ‘ಕರುವಿನ ಕಟ್ಟೂ ಬೇಡ, ಜೆಲಟಿನ್ನೂ ಬೇಡ’ ಎನ್ನಿ. ಜೆಲಟಿನ್ ಎಂದರೆ ಹಂದಿಯ ಅಥವಾ ದನದ ಚರ್ಮ-ಮೂಳೆಯಿಂದ ತೆಗೆದದ್ದು. ಮೂಸ್, ಪಾನಾ ಕೋಟಾ ಥರದ ಸಿಹಿಗಳಲ್ಲಿ ಕೂತಿರುತ್ತದೆ. ಈ ಕಟ್ಟು, ಈ ಸಿಹಿ ಎಲ್ಲ ಹಿಂದಿನ ದಿನವೇ ಆಗಿ ಮುಗಿದಿರುತ್ತವೆ. ಮೇಜಿಗೆ ಕೂತ ಮೇಲೆ ಹೇಳಿದರೆ ಎಷ್ಟು ಒಳ್ಳೆಯ ಬಾಣಸಿಗನಾದರೂ ಏನೂ ಮಾಡಲಾರ. ಕನಿಷ್ಠ 48 ಗಂಟೆ ಮೊದಲು, ಅದೂ ಬರವಣಿಗೆಯಲ್ಲಿ, ತಿಳಿಸಿ.

ಬ್ರಾಸರಿಯಲ್ಲಿ ಗುಂಡಿ ಬೇರೆ ಕಡೆ ಇದೆ: ಎಣ್ಣೆ ಬಾಣಲೆಯಲ್ಲಿ. ಬೆಲ್ಜಿಯಂನ ಫ್ರಿಟ್, ಅಂದರೆ ಆಲೂಗಡ್ಡೆ ಕಡ್ಡಿಗಳನ್ನು, ಸಂಪ್ರದಾಯದ ಪ್ರಕಾರ ಕರಿಯುವುದು ದನದ ಕೊಬ್ಬಿನಲ್ಲಿ. ಬಿಂಟ್ಯೆ ತಳಿಯ ಗಡ್ಡೆ. ಮೊದಲು 150-160 ಡಿಗ್ರಿಯಲ್ಲಿ ಬೇಯಿಸಿ, ಆರಲು ಬಿಟ್ಟು, ಆಮೇಲೆ 180 ಡಿಗ್ರಿಯಲ್ಲಿ ಗರಿಗರಿ ಮಾಡುತ್ತಾರೆ. ಆ ಘಮ, ಆ ರುಚಿ ಕೊಬ್ಬಿನದೇ. ಬೀದಿಯ ಫ್ರಿಟ್ ಅಂಗಡಿಗಳಿಗೂ ಇದೇ ಮಾತು. ಸಸ್ಯಾಹಾರಿಗಳು ‘ಆಲೂಗಡ್ಡೆ ತಾನೆ’ ಎಂದು ತಿಂದುಬಿಡುತ್ತಾರೆ. ಕೇಳಬೇಕಾದ ವಾಕ್ಯ: ‘ಗ್ರೇಸ್ ದ ಬಫ್, ಉ ಯುಯಿಲ್ ವೆಜೆತಾಲ್?’ ದನದ ಕೊಬ್ಬೋ, ಸಸ್ಯಜನ್ಯ ಎಣ್ಣೆಯೋ? ಕೊಬ್ಬು ಎಂದರೆ ‘ಪೊಮ್ ನಾತ್ಯುರ್’ ಕೇಳಿ. ಬೇಯಿಸಿದ ಆಲೂಗಡ್ಡೆ ಬರುತ್ತದೆ. ಆಗ ಅದೇ ಬಾಣಲೆಯಲ್ಲಿ ಕರಿದ ಕ್ರೊಕೆಟ್ಟೂ (ರೊಟ್ಟಿಪುಡಿ ಹೊದಿಸಿ ಕರಿದ ತಿಂಡಿ) ಬಿಡಬೇಕಾಗುತ್ತದೆ ಎಂಬುದು ನೆನಪಿರಲಿ.

‘ವೆಜಿಟೇರಿಯನ್’ ಎಂಬ ಒಂದೇ ಪದದ ಮೇಲೆ ಭಾರ ಹಾಕಬೇಡಿ. ಮೀನು ನಡೆಯುತ್ತದೆ ಎಂದುಕೊಳ್ಳುವವರು ಅಲ್ಲಿ ಇನ್ನೂ ಇದ್ದಾರೆ. ‘ಸಾಂ ವಿಯಾಂದ್, ಸಾಂ ಪ್ವಾಸೋಂ, ಸಾಂ ಬುಯೋಂ ದ ವಿಯಾಂದ್’: ಮಾಂಸವಿಲ್ಲದೆ, ಮೀನಿಲ್ಲದೆ, ಮಾಂಸದ ಕಟ್ಟಿಲ್ಲದೆ. ಈ ಮೂರನ್ನೂ ಒಟ್ಟಿಗೆ ಹೇಳಿದರೆ ತರಕಾರಿ ಸೂಪ್ ಯಾವ ನೀರಿನಲ್ಲಿ ಬೆಂದಿದೆ ಎಂದು ಮಾಣಿ ಒಳಗೆ ಹೋಗಿ ಕೇಳಿ ಬರುತ್ತಾನೆ. ಮನೆಯವರು ಚೀಸ್‌ನಲ್ಲಿ ಹಾಲು ಒಡೆಸಲು ಬಳಸುವ, ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಕೂಡ ಬಿಡುವವರಾದರೆ, ಪಾರ್ಮೆಸಾನ್ ಹಾಕಿದ್ದೆಲ್ಲ ಪಟ್ಟಿಯಿಂದ ಹೊರಗೆ; ಅದರಲ್ಲಿ ರೆನೆಟ್ ಇದ್ದೇ ಇರುತ್ತದೆ.

ಬ್ರಾಸರಿಯ ಕಾರ್ತ್ ಓದುವುದು

ನಿಜವಾದ ಬೆಲ್ಜಿಯನ್ ಅಡುಗೆ ಬದುಕಿರುವುದು ಇಲ್ಲಿ. ಗ್ರಾನ್ ಪ್ಲಾಸ್ ಹತ್ತಿರದ ಹಳೆಯ ಗಲ್ಲಿಗಳಲ್ಲಿ 1893ರ ‘ಶೆ ಲೆಯೋಂ’, 1921ರ ‘ಒಜಾರ್ಮ್ ದ ಬ್ರುಸೆಲ್’ ಇವೆ. ಊರಿನ ಬಡಾವಣೆಗಳಲ್ಲಿ ಹೆಸರಾಗದ, ಇವಕ್ಕಿಂತ ಒಳ್ಳೆಯ ಬ್ರಾಸರಿಗಳೂ ಸಿಗುತ್ತವೆ. ಭಾನುವಾರ, ಸೋಮವಾರ ತೆರೆದಿರುವವು ಹೆಚ್ಚಿನವು ಇವೇ.

ಒಂದು ಬ್ರಾಸರಿಯ ಮಟ್ಟ ಅಳೆಯಲು ಒಂದೇ ತಟ್ಟೆ ಸಾಕು: ಸೀಗಡಿ ಕ್ರೊಕೆಟ್. ಮೀನು ತಿನ್ನುವ ನಿಮಗೆ ಸೀಗಡಿಯೂ ಆಗುತ್ತದೆ ಎಂದುಕೊಂಡು ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ. ಉತ್ತರ ಸಮುದ್ರದ ಬೂದು ಸೀಗಡಿ ಕಿರುಬೆರಳಿನಷ್ಟೂ ಇರುವುದಿಲ್ಲ. ಹಿಡಿದ ದೋಣಿಯಲ್ಲೇ ಬೇಯಿಸುತ್ತಾರೆ. ಸಿಪ್ಪೆ ಸುಲಿಯುವುದು ಕೈಕೆಲಸ; ಕೂಲಿ ಉಳಿಸಲು ಬಹಳಷ್ಟನ್ನು ಮೊರಾಕೊಗೆ ಕಳಿಸಿ, ಸುಲಿಸಿ, ಮರಳಿ ತರಿಸುತ್ತಾರೆ. ಮೂರು ಕಿಲೊ ಸೀಗಡಿಯಿಂದ ಸುಮಾರು ಒಂದು ಕಿಲೊ ಮಾಂಸ. ಎರಡು ಕ್ರೊಕೆಟ್‌ಗೆ ಇಪ್ಪತ್ತು ಯೂರೊ ಎಂದರೆ ಹುಬ್ಬೇರಿಸಬೇಡಿ, ದುಡ್ಡು ಹೋಗುವುದು ಇಲ್ಲಿಗೆ. (ಓಸ್ಟ್‌ಡಾಯ್ನ್‌ಕರ್ಕೆ ಎಂಬ ಕರಾವಳಿ ಊರಿನಲ್ಲಿ ಕುದುರೆಯ ಮೇಲೆ ಕೂತು ಸಮುದ್ರಕ್ಕಿಳಿದು ಇದೇ ಸೀಗಡಿಯನ್ನು ಬಲೆಗೆ ಹಾಕುವವರಿದ್ದಾರೆ; 2013ರಲ್ಲಿ ಯುನೆಸ್ಕೊ ಆ ಪದ್ಧತಿಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಅಂಗಡಿಗೆ ಬರುವ ಸೀಗಡಿ ಮಾತ್ರ ಯಂತ್ರದೋಣಿಯದು.)

ತಲೆ-ಸಿಪ್ಪೆ ಕುದಿಸಿದ ಕಟ್ಟಿನಲ್ಲಿ ಬೆಣ್ಣೆ, ಮೈದಾ, ಹಾಲು ಸೇರಿಸಿ ಗಟ್ಟಿ ಸಾಸು ಮಾಡಿ, ಸೀಗಡಿ ಬೆರೆಸಿ, ರಾತ್ರಿಯಿಡೀ ತಣ್ಣಗಿಟ್ಟು, ಉದ್ದುದ್ದ ಕತ್ತರಿಸಿ, ಮೊಟ್ಟೆ-ರೊಟ್ಟಿಪುಡಿ ಹೊದಿಸಿ ಕರಿಯುತ್ತಾರೆ. ಚೆನ್ನಾಗಿ ಆಗಿದ್ದರೆ ಹೊರಪದರ ತೆಳ್ಳಗೆ, ಚಾಕು ಇಟ್ಟರೆ ಚರಕ್ ಎನ್ನುತ್ತದೆ. ಒಳಗಿನದು ನಿಧಾನವಾಗಿ ಹರಿದು ಬರುತ್ತದೆ, ಅದರಲ್ಲಿ ಇಡೀ ಇಡೀ ಸೀಗಡಿ ಕಾಣುತ್ತವೆ. ಪಕ್ಕದಲ್ಲಿ ಕರಿದ ಪಾರ್ಸ್ಲಿ, ನಿಂಬೆಹೋಳು. ಒಳಗಿನದು ಆಲೂಬೋಂಡದ ಪಲ್ಯದಂತೆ ನಿಂತೇ ಇದ್ದರೆ ಮೈದಾ ಜಾಸ್ತಿ, ಸೀಗಡಿ ಕಡಿಮೆ. ನಡುವೆ ತಣ್ಣಗಿದ್ದರೆ ಫ್ರೀಜರಿನಿಂದ ನೇರ ಬಾಣಲೆಗೆ ಬಿದ್ದದ್ದು. ಪಕ್ಕ ಒಡೆದು ಎಣ್ಣೆ ಕುಡಿದಿದ್ದರೆ ಹೊದಿಕೆ ಒಂದೇ ಸಲ ಹಾಕಿದ್ದಾರೆ. ಕಾರ್ತ್‌ನಲ್ಲಿ ‘ಆರ್ತಿಜಾನಾಲ್’ ಎಂದಿದ್ದರೆ ಕೈಯಲ್ಲಿ ಮಾಡಿದ್ದು ಎಂದರ್ಥ, ಯಾರ ಕೈ ಎಂದಲ್ಲ. ಹೊರಗಿನಿಂದ ತರಿಸಿದ್ದೂ ಆಗಿರಬಹುದು. ‘ಈ ಅಡುಗೆಮನೆಯಲ್ಲೇ ಮಾಡಿದ್ದಾ?’ ಎಂದು ನೇರ ಕೇಳಿ. ಕೆಲವರು ಸಾಸು ಹಿಡಿಯಲು ಜೆಲಟಿನ್ ಹಾಕುತ್ತಾರೆ, ಅದನ್ನೂ ಕೇಳಿ. ಇದೇ ರೂಪದ ಚೀಸ್ ಕ್ರೊಕೆಟ್ ಎಲ್ಲ ಕಡೆ ಇರುತ್ತದೆ. ಬಾಣಲೆಯಲ್ಲಿ ಸಸ್ಯಜನ್ಯ ಎಣ್ಣೆಯಿದ್ದು, ಜೆಲಟಿನ್ ಇಲ್ಲದಿದ್ದರೆ ಮನೆಯವರಿಗೆ ಆಗುತ್ತದೆ.

ಉಳಿದ ತಟ್ಟೆಗಳ ವಿಷಯ ಬೇಗ ಮುಗಿಸಬಹುದು. ‘ಫಿಲೆ ಅಮೆರಿಕೆನ್’ ಎಂಬ ಹೆಸರು ಕೇಳಿ ಮೋಸಹೋಗಬೇಡಿ. ಅದು ಹಸಿ ದನದ ಕೊಚ್ಚು. ‘ಕಾರ್ಬೊನಾದ್’ ಬಿಯರಿನಲ್ಲಿ ಬೆಂದ ದನ. ‘ಬುಲೆ’ ದನ-ಹಂದಿ ಸೇರಿದ ಉಂಡೆ. ‘ಸ್ಟೂಂಪ್’ ಎಂದರೆ ತರಕಾರಿ ಬೆರೆಸಿ ಮಸೆದ ಆಲೂಗಡ್ಡೆ, ಆದರೆ ಹಂದಿಯ ಚೂರು ಬಿದ್ದಿರಬಹುದು. ‘ವೊಲೊವಾಂ’ ಕೋಳಿಯದೇ, ನಡುವೆ ಬೇರೆ ಮಾಂಸದ ಸಣ್ಣ ಉಂಡೆಗಳಿರುತ್ತವೆ; ಅವಿಲ್ಲದೆ ಕೊಡುತ್ತಾರೆಯೇ ಕೇಳಿ. ‘ಶಿಕೋಂ ಓ ಗ್ರಾತಾಂ’ ಹ್ಯಾಮ್, ಅಂದರೆ ಹಂದಿಮಾಂಸ, ಸುತ್ತಿದ ಬಿಳಿ ಚಿಕೋರಿ ಮೊಗ್ಗು. ಈ ಚಿಕೋರಿ ನಮಗೆ ಅಪರಿಚಿತವೇನಲ್ಲ, ಫಿಲ್ಟರ್ ಕಾಫಿ ಪುಡಿಗೆ ಬೆರೆಸುವ ಬೇರು ಇದೇ ಸಸ್ಯಜಾತಿಯದು. ಅವರು ಬೇರನ್ನು ಕತ್ತಲಲ್ಲಿ ಚಿಗುರಿಸಿ ಮೊಗ್ಗು ತಿನ್ನುತ್ತಾರೆ. ಅದೇ ಸಣ್ಣ ಕಹಿ.

ನಿಮಗೆ ಒಪ್ಪುವುದು ಎರಡು. ಒಂದು, ಗೆಂಟ್ ಊರಿನ ‘ವಾಟರ್‌ಜೋಯಿ’, ಕೋಳಿಯದು: ಲೀಕ್, ಕ್ಯಾರೆಟ್, ಸೆಲರಿ ಹಾಕಿದ ತೆಳು ಸಾರು, ಕೊನೆಗೆ ಕೆನೆ, ಮೊಟ್ಟೆಯ ಹಳದಿ. ಹಳದಿ ಬಿದ್ದ ಮೇಲೆ ಕುದಿ ಬಂದರೆ ಒಡೆಯುತ್ತದೆ. ಮೇಲೆ ಹಳದಿ ಕಣಗಳು ತೇಲುತ್ತಿದ್ದರೆ ಮತ್ತೆ ಮತ್ತೆ ಬಿಸಿ ಮಾಡಿದ್ದು ಎಂದು ತಿಳಿಯಿರಿ. ಇನ್ನೊಂದು, ಬೆಣ್ಣೆಯಲ್ಲಿ ಹುರಿದ ಇಡೀ ಸೋಲ್, ‘ಸೋಲ್ ಮೊನಿಯೇರ್’. ನಮ್ಮ ಮಂಗಳೂರು ಕಡೆಯ ನಂಗು ಮೀನಿನ ನೆಂಟ, ಅಗಲ ಹೆಚ್ಚು, ದಪ್ಪ ಹೆಚ್ಚು. ಬೆಲೆಯ ಜಾಗದಲ್ಲಿ ‘ಇಂದಿನ ಬೆಲೆ’ ಅಥವಾ ‘100 ಗ್ರಾಂಗೆ’ ಎಂದಿದ್ದರೆ ಆರ್ಡರ್ ಮಾಡುವ ಮೊದಲು ಇಡೀ ಮೀನಿನ ತೂಕ, ಬೆಲೆ ಎರಡನ್ನೂ ಕೇಳಿ. 400 ಗ್ರಾಂ ಒಬ್ಬರಿಗೆ ಧಾರಾಳ. ಸೋಮವಾರ ಮೀನಿಗಿಂತ ಕೋಳಿ ಮೇಲು. ವಾರದ ಕೊನೆಯಲ್ಲಿ ಮೀನಿನ ಹರಾಜು ಇರದ ಕಾರಣ ಆ ದಿನ ಸಿಗುವುದು ಶುಕ್ರವಾರದ ಮಾಲು ಆಗಿರುವ ಸಾಧ್ಯತೆ ಹೆಚ್ಚು.

ಮಸಲ್ಸ್ ಏಕೆ ಬೇಡ? ಬೆಲ್ಜಿಯಂನವರು ತಿನ್ನುವ ಮಸಲ್ಸ್ ಪಕ್ಕದ ನೆದರ್‌ಲೆಂಡ್ಸ್‌ನ ಜೀಲೆಂಡ್‌ನಿಂದ ಬರುತ್ತದೆ. ನಮ್ಮ ಉತ್ತರ ಕನ್ನಡದ ನೀಲಿಕಲ್ಲಿನ ಸಂಬಂಧಿ. ಅದರ ಹಂಗಾಮು ಜುಲೈ ಹೊತ್ತಿಗೆ ಶುರುವಾಗಿ ಏಪ್ರಿಲ್‌ವರೆಗೆ. ಮೇಯಲ್ಲಿ ಮೊಟ್ಟೆಯಿಡುವ ಕಾಲ. ಒಳಗಿನ ಮಾಂಸ ಸೊರಗಿ ಹಾಲುಹಾಲಾಗಿರುತ್ತದೆ. ಹಂಗಾಮಿನಲ್ಲಿ ಒಬ್ಬರಿಗೆ ಒಂದು ಕಿಲೊ ಪಾತ್ರೆಯಲ್ಲಿ ಕಾಲು ಕಿಲೊ ಮಾಂಸ ಸಿಕ್ಕರೆ, ಈಗ ಚಿಪ್ಪೇ ಜಾಸ್ತಿ. ಮೇಯಲ್ಲಿ ಫಲಕ ಹಾಕಿ ಮಾರುವವರು ಬೇರೆಲ್ಲಿಂದಲೋ ತರಿಸಿದ್ದನ್ನು ಪ್ರವಾಸಿಗಳಿಗಾಗಿ ಮಾರುತ್ತಿರುತ್ತಾರೆ.

ಬದಲಿಗೆ ಮೇಯ ರಾಜ ಬೇರೆ ಇದ್ದಾನೆ: ಬಿಳಿ ಆಸ್ಪರಾಗಸ್. ಮಣ್ಣಿನೊಳಗೇ ಬೆಳೆಸಿದ್ದರಿಂದ ಬಿಳಿ. ಏಪ್ರಿಲ್‌ನಿಂದ ಜೂನ್ 24ರ ಸಂತ ಜಾನ್ ದಿನದವರೆಗೆ ಎಂಬುದು ಹಳೆಯ ಲೆಕ್ಕ. ಮೆಕ್ಲೆನ್ ಊರಿನದಕ್ಕೆ ಹೆಸರು. ‘ಆ ಲಾ ಫ್ಲಮಾಂದ್’ ಎಂದು ಕೇಳಿ: ಬೇಯಿಸಿದ ಕಾಂಡಗಳ ಮೇಲೆ ಕೊಚ್ಚಿದ ಬೆಂದ ಮೊಟ್ಟೆ, ಕರಗಿಸಿದ ಬೆಣ್ಣೆ, ಪಾರ್ಸ್ಲಿ. ಮಾಂಸದ ಸುಳಿವಿಲ್ಲ. ಮೊಟ್ಟೆ ತಿನ್ನುವ ಸಸ್ಯಾಹಾರಿಗೆ ಬೆಲ್ಜಿಯಂ ಕೊಡಬಹುದಾದ ಅತ್ಯುತ್ತಮ ಸಾಂಪ್ರದಾಯಿಕ ತಟ್ಟೆ ಇದು, ನಿಮ್ಮ ವಾರಕ್ಕೇ ಸರಿಯಾಗಿ ಬಂದಿದೆ. ಹ್ಯಾಮ್ ಸೇರಿಸುವ ಮನೆಗಳೂ ಇವೆ, ಬೇಡ ಎನ್ನಿ. ಮುಖ್ಯ ಊಟವಾಗಿ ಒಬ್ಬರಿಗೆ ಅರ್ಧ ಕಿಲೊ ಲೆಕ್ಕ. ಅಗಿದಾಗ ಕಬ್ಬಿನ ಸಿಪ್ಪೆಯಂತೆ ನಾರು ಉಳಿದರೆ ಸಿಪ್ಪೆ ಸರಿಯಾಗಿ ಹೆರೆದಿಲ್ಲ. ತಟ್ಟೆಯಲ್ಲಿ ನೀರು ನಿಂತು ಬೆಣ್ಣೆ ತೇಲುತ್ತಿದ್ದರೆ ಬೇಯಿಸಿ ಬಸಿಯದೆ ಬಡಿಸಿದ್ದಾರೆ. ಮೇ ತಿಂಗಳಲ್ಲಿ ಆಸ್ಪರಾಗಸ್ ಇಲ್ಲದ, ಮಸಲ್ಸ್ ಇರುವ ಕಾರ್ತ್ ಕಂಡರೆ ಆ ಮನೆಯ ಮುಂದಿನಿಂದ ಹಾಗೇ ನಡೆದುಬಿಡಿ.

ನೀವು ಕೇಳಿದ ಗ್ರಾನ್ ಪ್ಲಾಸ್ ಪಕ್ಕದ ಬೀದಿ ‘ರ್ಯು ದೆ ಬುಶೆ’, ಕಸಾಯಿಗಳ ಬೀದಿ. ಅಲ್ಲಿರುವುದೆಲ್ಲ ಕೆಟ್ಟದ್ದಲ್ಲ, ಆದರೆ ಬಾಗಿಲಲ್ಲಿ ನಿಂತು ತೋಳು ಹಿಡಿಯುವವರು, ಆರು ಭಾಷೆಯ ಫೋಟೊ ಮೆನು, ಹೊರಗೆ ಐಸಿನ ಮೇಲೆ ಜೋಡಿಸಿದ ಏಡಿ-ಮೀನಿನ ಪ್ರದರ್ಶನ, ಬೆಲೆಯಿಲ್ಲದ ‘ಇಂದಿನ ವಿಶೇಷ’, ಈ ನಾಲ್ಕರಲ್ಲಿ ಎರಡು ಕಂಡರೂ ಒಳಗೆ ಹೋಗಬೇಡಿ. ಅಗ್ಗದ ಮೂರು ತಟ್ಟೆಯ ಮೆನು ತೋರಿಸಿ ಕೂರಿಸುತ್ತಾರೆ. ಬಿಲ್ ಏರುವುದು ನೀರು, ಪಾನೀಯ, ಬಾಯಿಮಾತಿನಲ್ಲಿ ಒಪ್ಪಿಸಿದ ‘ವಿಶೇಷ’ದಿಂದ.

ಮೇಜಿನಲ್ಲಿ ತಿಳಿದಿರಬೇಕಾದದ್ದು ಕೆಲವೇ. ನಲ್ಲಿ ನೀರು ಉಚಿತವಾಗಿ ಕೊಡಬೇಕೆಂಬ ಕಾನೂನು ಬೆಲ್ಜಿಯಂನಲ್ಲಿ ಇಲ್ಲ, ಬಾಟಲಿಯ ದುಡ್ಡು ಲೆಕ್ಕಕ್ಕೆ ಸೇರಿಸಿಕೊಳ್ಳಿ. ತೆರಿಗೆ, ಸರ್ವಿಸ್ ಎರಡೂ ಪಟ್ಟಿಯ ಬೆಲೆಯಲ್ಲೇ ಇರುತ್ತವೆ; ಟಿಪ್ಸ್ ಕಡ್ಡಾಯವಲ್ಲ, ಖುಷಿಯಾದರೆ ಮೇಲಿನ ಚಿಲ್ಲರೆ ಬಿಡಬಹುದು. ಕೇಳುವ ತನಕ ಬಿಲ್ ತರುವುದಿಲ್ಲ, ಅದು ಅಸಡ್ಡೆಯಲ್ಲ, ಮರ್ಯಾದೆ. ಮಧ್ಯಾಹ್ನ ಅಡುಗೆಮನೆ ಎರಡು ಗಂಟೆಗೆ ಮುಚ್ಚುತ್ತದೆ, 12.30ಕ್ಕೆ ಬುಕ್ ಮಾಡಿ. ನಡುವಿನ ಹೊತ್ತಿನಲ್ಲಿ ಹಸಿವಾದರೆ ‘ಕ್ವಿಜೀನ್ ನಾನ್‌ಸ್ಟಾಪ್’ ಎಂದು ಬರೆದಿರುವ ಬ್ರಾಸರಿ ನೋಡಿಕೊಳ್ಳಿ. ಬಿಯರ್ ಕುಡಿಯುವವರಾದರೆ ವೈನಿನ ಬದಲು ಒಂದು ಗ್ಯೋಜ್ ಹಂಚಿಕೊಳ್ಳಿ: ಬೇರೆ ಬೇರೆ ವಯಸ್ಸಿನ ಲ್ಯಾಂಬಿಕ್ (ಗಾಳಿಯ ಯೀಸ್ಟಿನಿಂದ ತಾನಾಗಿ ಹುದುಗುವ ಬಿಯರ್) ಬೆರೆಸಿ ಬಾಟಲಿಯಲ್ಲಿ ಹುದುಗಿಸಿದ ಹುಳಿ ಬಿಯರ್, ಬೆಣ್ಣೆಯ ಮೀನಿನ ಜಿಡ್ಡನ್ನು ಕತ್ತರಿಸುತ್ತದೆ.

ಬುಕಿಂಗ್‌ಗೆ ನಾಲ್ಕೈದು ವಾರ ಮೊದಲೇ ಇಂಗ್ಲಿಷಿನಲ್ಲಿ ಇಮೇಲ್ ಬರೆಯಿರಿ, ಅಷ್ಟು ಸಾಕು. ಅದರಲ್ಲಿ ಇರಬೇಕಾದದ್ದು: ದಿನ, ಹೊತ್ತು, ಇಬ್ಬರು, ಒಬ್ಬರಿಗೆ ಮೊಟ್ಟೆ-ಹಾಲು ಆಗುತ್ತದೆ, ಮಾಂಸ-ಮೀನು-ಅವುಗಳ ಕಟ್ಟು-ಜೆಲಟಿನ್ ಆಗುವುದಿಲ್ಲ, ಇನ್ನೊಬ್ಬರಿಗೆ ಮೀನು-ಕೋಳಿ-ಕುರಿ ಆಗುತ್ತದೆ, ದನ-ಕರು-ಹಂದಿ, ಕರುವಿನ ಕಟ್ಟು, ಜೆಲಟಿನ್ ಆಗುವುದಿಲ್ಲ, ಮಧ್ಯಾಹ್ನದ ಮೆನು ಇಬ್ಬರಿಗೂ ಸಾಧ್ಯವೇ, ಬೆಲೆ ಎಷ್ಟು. ಕಾರ್ಡ್ ನಂಬರ್ ಕೇಳುತ್ತಾರೆ. ಹೇಳದೆ ತಪ್ಪಿಸಿದರೆ ತಲೆಗೆ ಇಷ್ಟು ಎಂದು ಕಡಿಯುತ್ತಾರೆ, ರದ್ದು ಮಾಡಲು ಎಷ್ಟು ಗಂಟೆಯ ಗಡುವು ಎಂದು ಓದಿಕೊಳ್ಳಿ. ಈ ಪತ್ರವನ್ನು ಮೂರು ಮನೆಗೆ ಕಳಿಸಿ. ‘ತೊಂದರೆಯಿಲ್ಲ, ಬನ್ನಿ’ ಎಂದು ಒಂದೇ ಸಾಲು ಬರೆದವರನ್ನು ಕೊನೆಗಿಡಿ. ‘ಕೋಳಿಯ ಸಾಸಿನಲ್ಲಿ ಕರುವಿನ ಕಟ್ಟಿದೆ, ನಿಮಗೆ ಬೇರೆ ಮಾಡುತ್ತೇವೆ, ಸಿಹಿಯಲ್ಲಿ ಜೆಲಟಿನ್ ಇದೆ, ಬದಲಿಸುತ್ತೇವೆ’ ಎಂದು ಬಿಡಿಸಿ ಬರೆದವರ ಮನೆಗೆ ಹೋಗಿ, ಅವರಿಗೆ ಒಂದು ನಕ್ಷತ್ರ ಕಡಿಮೆಯಿದ್ದರೂ ಸರಿ. ಆರಿಸಿದ ದಿನವೇ ಉಳಿದಿಬ್ಬರಿಗೆ ‘ಬರುವುದಿಲ್ಲ’ ಎಂದು ತಿಳಿಸಿ.